ಗೆರೆಯಿಂದ ಗುರುತಿಗೆ

ಒಬ್ಬರು: ಕಣ್ಣು ಚಿತ್ರ ತೆಗೆಯುತ್ತದೆ, ಮೆದುಳು ಆ ಚಿತ್ರವನ್ನು ನೋಡುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಇದರಲ್ಲಿ ನಿಜವೆಷ್ಟು?

ಇನ್ನೊಬ್ಬರು: ಮೊದಲರ್ಧ ಒಂದು ಮಟ್ಟಿಗೆ ನಿಜ. ಕಣ್ಣಿನ ಮಸೂರವು ಹೊರಗಿನ ದೃಶ್ಯದ ತಲೆಕೆಳಗಾದ ಬಿಂಬವನ್ನು ಕಣ್ಣಿನ ಹಿಂಬದಿಯ ಪೊರೆಯಾದ ರೆಟಿನಾದ ಮೇಲೆ ಮೂಡಿಸುತ್ತದೆ. ಎರಡನೆಯ ಅರ್ಧ ಮಾತ್ರ ನಿಲ್ಲುವುದಿಲ್ಲ. ಆ ಬಿಂಬವನ್ನು ನೋಡಲು ಮೆದುಳಿನೊಳಗೆ ಮತ್ತೊಂದು ಕಣ್ಣಿಲ್ಲ. ಇದ್ದಿದ್ದರೆ ಆ ಕಣ್ಣಿನ ಹಿಂದೆ ಇನ್ನೊಂದು ಮೆದುಳು ಬೇಕಾಗುತ್ತಿತ್ತು. ರೆಟಿನಾ ದಾಟಿದ ಮೇಲೆ ಉಳಿಯುವುದು ನರಕೋಶಗಳ ವಿದ್ಯುತ್ ಮಿಡಿತಗಳಷ್ಟೇ. ಒಂದು ಕೋಶ ಯಾವಾಗ ಮಿಡಿಯಿತು, ಎಷ್ಟು ಬಿರುಸಾಗಿ ಮಿಡಿಯಿತು ಎಂಬುದೇ ಮುಂದಿನ ಕೋಶಕ್ಕೆ ಸಿಗುವ ಸುದ್ದಿ. ಇಂಥ ಚಿಕ್ಕ ಚಿಕ್ಕ ಸುದ್ದಿಗಳನ್ನು ಹಂತ ಹಂತವಾಗಿ ಕೂಡಿಸುತ್ತ ಹೋಗಿ ಮೆದುಳು ಅಂಚು, ಮೂಲೆ, ಬಾಗು, ಅಕ್ಷರ, ಮುಖ ಇವನ್ನೆಲ್ಲ ಗುರುತಿಸುತ್ತದೆ.

ಒಬ್ಬರು: ಮೊದಲ ಸುದ್ದಿ ಹುಟ್ಟುವುದೆಲ್ಲಿ?

ಇನ್ನೊಬ್ಬರು: ಬೆಳಕು ಹಿಡಿಯುವ ರೆಟಿನಾದ ದಂಡಕೋಶ ಮತ್ತು ಶಂಕುಕೋಶಗಳಲ್ಲಿ. ಮನುಷ್ಯನ ಒಂದೊಂದು ಕಣ್ಣಿನಲ್ಲಿ ದಂಡಕೋಶಗಳು ಸುಮಾರು 10 ಕೋಟಿ, ಶಂಕುಕೋಶಗಳು 50ರಿಂದ 60 ಲಕ್ಷ. ಆದರೆ ಕಣ್ಣಿನಿಂದ ಮೆದುಳಿಗೆ ಸುದ್ದಿ ಒಯ್ಯುವ ದೃಷ್ಟಿನರದಲ್ಲಿ ಇರುವ ಎಳೆಗಳು 10 ಲಕ್ಷದ ಆಸುಪಾಸು. ಬಿದ್ದ ಬೆಳಕಿನ ಲೆಕ್ಕವನ್ನೆಲ್ಲ ಇದ್ದ ಹಾಗೇ ಸಾಗಿಸಲು ಅಲ್ಲಿ ಜಾಗವಿಲ್ಲ. ಹಾಗಾಗಿ ಸೋಸುವ ಕೆಲಸ ರೆಟಿನಾದಲ್ಲೇ ಶುರುವಾಗುತ್ತದೆ.

ಒಬ್ಬರು: ಸೋಸಿದಾಗ ಉಳಿಸಿಕೊಳ್ಳುವುದು ಏನನ್ನು?

ಇನ್ನೊಬ್ಬರು: ವ್ಯತ್ಯಾಸವನ್ನು. ದೃಷ್ಟಿನರದ ಪ್ರತಿ ಎಳೆಯೂ ರೆಟಿನಾದ ಒಂದು ಗ್ಯಾಂಗ್ಲಿಯನ್ ಕೋಶದಿಂದ ಹೊರಡುತ್ತದೆ. ಆ ಕೋಶಕ್ಕೆ ಇಡೀ ದೃಶ್ಯ ಕಾಣುವುದಿಲ್ಲ, ತನ್ನ ಪಾಲಿನ ಒಂದು ಪುಟ್ಟ ವೃತ್ತ ಮಾತ್ರ ಕಾಣುತ್ತದೆ. ಇದನ್ನು ಗ್ರಾಹಕ ಕ್ಷೇತ್ರ ಎನ್ನುತ್ತಾರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಸ್ಟೀಫನ್ ಕಫ್ಲರ್ 1953ರಲ್ಲಿ ಬೆಕ್ಕಿನ ರೆಟಿನಾದಲ್ಲಿ ತೋರಿಸಿದಂತೆ ಈ ವೃತ್ತಕ್ಕೆ ಎರಡು ಭಾಗಗಳಿವೆ. ಒಂದು ಬಗೆಯ ಕೋಶದಲ್ಲಿ ನಡುಭಾಗಕ್ಕೆ ಬೆಳಕು ಬಿದ್ದರೆ ಮಿಡಿತ ಏರುತ್ತದೆ, ಸುತ್ತಲಿನ ಉಂಗುರಕ್ಕೆ ಬಿದ್ದರೆ ಇಳಿಯುತ್ತದೆ. ಇನ್ನೊಂದು ಬಗೆಯ ಕೋಶದಲ್ಲಿ ಇದು ತಿರುವುಮುರುವು. ಎರಡೂ ಭಾಗಕ್ಕೆ ಒಂದೇ ಸಮ ಬೆಳಕು ಬಿದ್ದರೆ ಏರಿಕೆ ಇಳಿಕೆಗಳು ಬಹುಮಟ್ಟಿಗೆ ಒಂದನ್ನೊಂದು ಹೊಡೆದುಹಾಕುತ್ತವೆ. ಒಂದೇ ಬಣ್ಣದ ಗೋಡೆಯ ನಡುಭಾಗದಿಂದ ಮೆದುಳಿಗೆ ಹೋಗುವ ಸುದ್ದಿ ತೀರ ಕಡಿಮೆ. ಗೋಡೆ ಮುಗಿದು ಕಿಟಕಿ ಶುರುವಾಗುವ ಕಡೆಯಿಂದ ಹೋಗುವುದು ಬಹಳ.

ಒಬ್ಬರು: ಬೆಳಕಿನ ಪ್ರಮಾಣವನ್ನೇ ತಿಳಿಸಬಹುದಾದಾಗ ವ್ಯತ್ಯಾಸವೇ ಯಾಕೆ ಬೇಕು?

ಇನ್ನೊಬ್ಬರು: ಪ್ರಮಾಣವನ್ನು ನಂಬಿದರೆ ಮೋಸ ಹೋಗಬೇಕಾಗುತ್ತದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಬಿಡಿಸಿದ ಪುಸ್ತಕದ ಕಪ್ಪು ಅಕ್ಷರದಿಂದ ಕಣ್ಣಿಗೆ ಬರುವ ಬೆಳಕು, ರಾತ್ರಿ ಮನೆಯ ದೀಪದಡಿ ಅದೇ ಪುಟದ ಬಿಳಿಯ ಭಾಗದಿಂದ ಬರುವ ಬೆಳಕಿಗಿಂತ ಹೆಚ್ಚು. ಬೆಳಕಿನ ಪ್ರಮಾಣವೊಂದೇ ಆಧಾರವಾಗಿದ್ದರೆ ಹಗಲಿನ ಮಸಿ ರಾತ್ರಿಯ ಕಾಗದಕ್ಕಿಂತ ಬೆಳ್ಳಗೆ ಕಾಣಬೇಕಿತ್ತು. ಮಸಿ ಪಕ್ಕದ ಕಾಗದಕ್ಕಿಂತ ಕಪ್ಪು ಎಂಬುದು ಮಾತ್ರ ಎರಡು ಹೊತ್ತಿನಲ್ಲೂ ಬದಲಾಗದ ಸಂಗತಿ. ರೆಟಿನಾ ಹಿಡಿದಿಡುವುದು ಅದನ್ನು.

ಒಬ್ಬರು: ಅಲ್ಲಿಂದ ಮುಂದೆ?

ಇನ್ನೊಬ್ಬರು: ಮೆದುಳಿನ ನಡುವೆ ಇರುವ ಥಲಾಮಸ್‌ನ ಒಂದು ಪುಟ್ಟ ಭಾಗಕ್ಕೆ. ಮನುಷ್ಯನಲ್ಲಿ ಅದಕ್ಕೆ ಆರು ಪದರಗಳು. ಎರಡು ಕಣ್ಣುಗಳ ಸುದ್ದಿ ಬೇರೆ ಬೇರೆ ಪದರಗಳಲ್ಲಿ ಬಂದಿಳಿಯುತ್ತದೆ. ಇಲ್ಲಿನ ಕೋಶಗಳ ಗ್ರಾಹಕ ಕ್ಷೇತ್ರವೂ ರೆಟಿನಾದ ಕೋಶಗಳಂತೆ ದುಂಡಗೆ, ನಡು ಮತ್ತು ಉಂಗುರ. ಇಲ್ಲಿಂದ ಹೊರಟ ಎಳೆಗಳು ತಲೆಯ ಹಿಂಬದಿಯಲ್ಲಿರುವ ಪ್ರಾಥಮಿಕ ದೃಷ್ಟಿ ಕಾರ್ಟೆಕ್ಸ್ ತಲಪುತ್ತವೆ. ವಿಜ್ಞಾನಿಗಳ ಬಾಯಲ್ಲಿ ಅದು ವಿ-1. ಸುಮಾರು ಎರಡು ಮಿಲಿಮೀಟರ್ ದಪ್ಪದ ಈ ಹಾಳೆಯಲ್ಲಿ ಹೊರಗಿನ ದೃಶ್ಯದ ನಕ್ಷೆಯೇ ಹರಡಿಕೊಂಡಿರುತ್ತದೆ: ದೃಶ್ಯದಲ್ಲಿ ಅಕ್ಕಪಕ್ಕ ಇರುವುದು ಹಾಳೆಯಲ್ಲೂ ಅಕ್ಕಪಕ್ಕ. ಆದರೆ ದಿಟ್ಟಿ ನೆಟ್ಟ ನಡುಭಾಗಕ್ಕೆ ಅಲ್ಲಿ ಸಿಗುವ ಜಾಗ ಅಂಚುಗಳಿಗಿಂತ ಎಷ್ಟೋ ಪಾಲು ಹೆಚ್ಚು.

ಒಬ್ಬರು: ಅಲ್ಲಿಯ ಕೋಶಗಳೂ ಚುಕ್ಕಿಗಳನ್ನೇ ಹುಡುಕುತ್ತವೆಯೆ?

ಇನ್ನೊಬ್ಬರು: 1958ರಲ್ಲಿ ಕಫ್ಲರ್ ಅವರ ಪ್ರಯೋಗಾಲಯದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಕೆಲಸ ಶುರು ಮಾಡಿದಾಗ ಇದ್ದ ನಿರೀಕ್ಷೆ ಅದೇ. ಅರಿವಳಿಕೆ ಕೊಟ್ಟ ಬೆಕ್ಕಿನ ವಿ-1ಕ್ಕೆ ಟಂಗ್‌ಸ್ಟನ್‌ನ ಸೂಜಿಮೊನೆಯ ಎಲೆಕ್ಟ್ರೋಡ್ ಇಳಿಸಿ, ಒಂದೊಂದೇ ಕೋಶದ ಮಿಡಿತವನ್ನು ಧ್ವನಿವರ್ಧಕಕ್ಕೆ ಜೋಡಿಸಿ ಅವರು ಕೇಳುತ್ತಿದ್ದರು. ಬೆಕ್ಕಿನ ಕಣ್ಣಿಗೆ ತೋರಿಸುತ್ತಿದ್ದುದು ಚುಕ್ಕಿಗಳನ್ನು. ಗಾಜಿನ ಸ್ಲೈಡಿನ ಮೇಲೆ ಅಂಟಿಸಿದ ಕಪ್ಪು ಚುಕ್ಕಿಯೂ ಅವುಗಳಲ್ಲೊಂದು. ಚುಕ್ಕಿಯನ್ನು ಎಲ್ಲಿಟ್ಟರೂ ಒಂದು ಕೋಶ ಸರಿಯಾಗಿ ಬಾಯಿ ಬಿಡಲಿಲ್ಲ. ಆದರೆ ಸ್ಲೈಡನ್ನು ಚಿತ್ರ ಬೀರುವ ಯಂತ್ರಕ್ಕೆ ತೂರಿಸುವ ಹೊತ್ತಿನಲ್ಲಿ ಅದು ಒಮ್ಮೆಗೇ ಪಟಪಟನೆ ಸಿಡಿಯಿತು. ಹುಡುಕಿ ನೋಡಿದಾಗ ಕಾರಣ ಚುಕ್ಕಿಯಾಗಿರಲಿಲ್ಲ. ಗಾಜಿನ ಅಂಚು ರೆಟಿನಾದ ಮೇಲೆ ತೆಳ್ಳಗಿನ ನೆರಳಿನ ಗೆರೆಯೊಂದನ್ನು ಎಳೆಯುತ್ತ ಸರಿದಿತ್ತು. ಆ ಗೆರೆ ಒಂದು ನಿರ್ದಿಷ್ಟ ಓರೆಯಲ್ಲಿದ್ದರೆ ಮಾತ್ರ ಕೋಶ ಮಿಡಿಯುತ್ತಿತ್ತು. ಓರೆ ಬದಲಾಯಿಸುತ್ತ ಹೋದಂತೆ ಮಿಡಿತ ಕುಗ್ಗಿ ನಿಂತುಹೋಗುತ್ತಿತ್ತು. 1959ರಿಂದ ಪ್ರಕಟವಾದ ಅವರ ಬರಹಗಳು ದೃಷ್ಟಿಯ ಅಧ್ಯಯನದ ದಿಕ್ಕನ್ನೇ ತಿರುಗಿಸಿದವು. 1981ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಇಬ್ಬರಿಗೂ ಪಾಲು ಬಂತು.

ಒಬ್ಬರು: ದುಂಡು ಕ್ಷೇತ್ರದ ಕೋಶಗಳಿಂದ ಗೆರೆ ಹಿಡಿಯುವ ಕೋಶ ಹುಟ್ಟುವುದು ಹೇಗೆ?

ಇನ್ನೊಬ್ಬರು: 1962ರಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಮುಂದಿಟ್ಟ ವಿವರಣೆ ಸರಳ. ರಂಗೋಲಿಯ ಚುಕ್ಕಿಗಳು ಒಂದೇ ಸಾಲಿನಲ್ಲಿ ಬಿದ್ದಾಗ ಗೆರೆಯ ಜಾಡು ತಾನಾಗಿ ಕಾಣುವಂತೆ, ಥಲಾಮಸ್‌ನ ಕೆಲವು ಕೋಶಗಳ ದುಂಡು ಕ್ಷೇತ್ರಗಳು ದೃಶ್ಯದಲ್ಲಿ ಒಂದು ಸಾಲಾಗಿ ನಿಂತಿವೆ ಎಂದಿಟ್ಟುಕೊಳ್ಳಬೇಕು. ಅವೆಲ್ಲವುಗಳ ಎಳೆಗಳೂ ವಿ-1ರ ಒಂದೇ ಕೋಶಕ್ಕೆ ಬಂದು ಸೇರುತ್ತವೆ. ಬೆಳಕಿನ ಗೆರೆ ಆ ಸಾಲಿನ ಉದ್ದಕ್ಕೂ ಬಿದ್ದರೆ ಎಲ್ಲ ಕೋಶಗಳೂ ಒಟ್ಟಿಗೆ ಮಿಡಿಯುತ್ತವೆ, ಮೇಲಿನ ಕೋಶ ತನ್ನ ಹೊಸ್ತಿಲು ದಾಟಿ ಉತ್ತರ ಕೊಡುತ್ತದೆ. ಗೆರೆ ಅಡ್ಡ ಬಿದ್ದರೆ ಒಂದೋ ಎರಡೋ ಕೋಶಗಳಷ್ಟೇ ಮಿಡಿಯುತ್ತವೆ, ಅದು ಸಾಲದು. ಇಂಥ ಕೋಶಕ್ಕೆ ಅವರಿಟ್ಟ ಹೆಸರು ಸರಳ ಕೋಶ. ಕ್ಲೇ ರೀಡ್ ಮತ್ತು ಹೋಸೆ ಮಾನ್ಯುಯೆಲ್ ಅಲೋನ್ಸೊ 1995ರಲ್ಲಿ ಥಲಾಮಸ್‌ನ ಕೋಶವನ್ನೂ ಅದು ಸುದ್ದಿ ಮುಟ್ಟಿಸುವ ಸರಳ ಕೋಶವನ್ನೂ ಏಕಕಾಲಕ್ಕೆ ಆಲಿಸಿ, ಇವೆರಡರ ಕ್ಷೇತ್ರಗಳು ಈ ವಿವರಣೆ ಹೇಳುವಂತೆಯೇ ಹೊಂದಿಕೊಂಡಿರುವುದನ್ನು ತೋರಿಸಿದರು.

ಒಬ್ಬರು: ಒಂದು ಕೋಶಕ್ಕೆ ಒಂದೇ ಓರೆಯಾದರೆ ಎಲ್ಲ ಓರೆಗಳನ್ನೂ ನೋಡಿಕೊಳ್ಳಲು ಎಷ್ಟು ಕೋಶಗಳು ಬೇಕು!

ಇನ್ನೊಬ್ಬರು: ಇವೆ. ವಿ-1ರ ಹಾಳೆಯಲ್ಲಿ ಎಲೆಕ್ಟ್ರೋಡನ್ನು ಲಂಬವಾಗಿ ಇಳಿಸಿದರೆ ಸಿಗುವ ಕೋಶಗಳೆಲ್ಲ ಹೆಚ್ಚುಕಡಿಮೆ ಒಂದೇ ಓರೆಯವು. ಪಕ್ಕಕ್ಕೆ ಸರಿಸುತ್ತ ಹೋದರೆ ಓರೆ ಮೆಲ್ಲಮೆಲ್ಲನೆ ತಿರುಗುತ್ತದೆ. ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಎಲ್ಲ ಓರೆಗಳೂ ಮುಗಿಯುತ್ತವೆ. ದೃಶ್ಯದ ಒಂದೊಂದು ಚೂರಿಗೂ ಇಂಥ ಪೂರ್ತಿ ಕಟ್ಟು ಇದೆ. ಇದರ ಜೊತೆಗೆ ಇನ್ನೊಂದು ವಿಷಯವನ್ನೂ ನೆನಪಿಡಬೇಕು. ಒಂಟಿ ಕೋಶದ ಮಾತನ್ನು ನೆಚ್ಚುವಂತಿಲ್ಲ. ತನಗೆ ಒಪ್ಪುವ ಓರೆಯ ಮಸುಕು ಗೆರೆಗೂ, ಸ್ವಲ್ಪ ತಪ್ಪಿದ ಓರೆಯ ದಟ್ಟ ಗೆರೆಗೂ ಅದು ಒಂದೇ ವೇಗದಲ್ಲಿ ಮಿಡಿಯಬಹುದು. ನೆರೆಯ ಕೋಶಗಳು ಎಷ್ಟೆಷ್ಟು ಮಿಡಿದವು ಎಂದು ಹೋಲಿಸಿದಾಗಲೇ ನಿಜವಾದ ಓರೆ ತಿಳಿಯುವುದು.

ಒಬ್ಬರು: ಗೆರೆ ಒಂದು ಕೂದಲೆಳೆ ಪಕ್ಕಕ್ಕೆ ಸರಿದರೂ ಸರಳ ಕೋಶ ಸುಮ್ಮನಾಗುವುದಾದರೆ, ಕಣ್ಣು ಮಿಸುಕಿದಾಗಲೆಲ್ಲ ಗುರುತು ತಪ್ಪಬೇಕಲ್ಲವೆ?

ಇನ್ನೊಬ್ಬರು: ಈ ಪ್ರಶ್ನೆಗೆ ಉತ್ತರ ಹ್ಯೂಬೆಲ್ ಮತ್ತು ವೀಸೆಲ್ ಕಂಡ ಎರಡನೆಯ ಬಗೆಯ ಕೋಶದಲ್ಲಿದೆ. ಅದು ಸಂಕೀರ್ಣ ಕೋಶ. ಅದಕ್ಕೂ ಒಂದು ಮೆಚ್ಚಿನ ಓರೆ ಇದೆ, ಆದರೆ ಆ ಓರೆಯ ಗೆರೆ ಅದರ ಕ್ಷೇತ್ರದೊಳಗೆ ಎಲ್ಲಿ ಬಿದ್ದರೂ ಅಡ್ಡಿಯಿಲ್ಲ. ಒಂದೇ ಓರೆಯ, ಅಷ್ಟಿಷ್ಟು ಸ್ಥಳಭೇದವಿರುವ ಹಲವು ಸರಳ ಕೋಶಗಳು ಅದಕ್ಕೆ ಸುದ್ದಿ ಕೊಡುತ್ತವೆ. ಅವುಗಳಲ್ಲಿ ಯಾವುದು ಮಿಡಿದರೂ ಇದು ಮಿಡಿಯುತ್ತದೆ. ಕೂಡಿಸುವುದು ಎಂಬ ಒಂದೇ ಮಾತಿನಲ್ಲಿ ಇರುವ ಎರಡು ಬೇರೆ ಲೆಕ್ಕಗಳು ಇಲ್ಲಿ ಸ್ಪಷ್ಟವಾಗುತ್ತವೆ. ಸರಳ ಕೋಶದ ಲೆಕ್ಕ ‘ಇದೂ ಬೇಕು, ಅದೂ ಬೇಕು’. ಸಂಕೀರ್ಣ ಕೋಶದ ಲೆಕ್ಕ ‘ಇದಾದರೂ ಸರಿ, ಅದಾದರೂ ಸರಿ’. ಮೊದಲನೆಯದು ಆಯ್ಕೆಯನ್ನು ಬಿಗಿ ಮಾಡುತ್ತದೆ, ಎರಡನೆಯದು ಸಡಿಲ ಬಿಡುತ್ತದೆ. ಗುರುತಿಸಲು ಎರಡೂ ಬೇಕು. ಬೇರೆಯದನ್ನು ಬೇರೆ ಎಂದು ತಿಳಿಯದಿದ್ದರೆ ಗುರುತಿಲ್ಲ. ಅದೇ ವಸ್ತು ಜಾಗ ಬದಲಿಸಿದಾಗ ಅದೇ ಎಂದು ತಿಳಿಯದಿದ್ದರೂ ಗುರುತಿಲ್ಲ.

ಒಬ್ಬರು: ಈ ಎರಡು ಲೆಕ್ಕ ವಿ-1ರಲ್ಲೇ ಮುಗಿಯುತ್ತವೆಯೆ?

ಇನ್ನೊಬ್ಬರು: ಇಲ್ಲ. ಮುಂದಿನ ಹಂತಗಳಲ್ಲೂ ಇವು ಮರುಕಳಿಸುತ್ತವೆ. ದೃಷ್ಟಿಯ ಹಾದಿಯನ್ನು ಅರ್ಥಮಾಡಿಕೊಳ್ಳಲು ಸಿಗುವ ಬಲವಾದ ಕೀಲಿ ಇದು. ವಿ-1ರ ಮುಂದೆ ವಿ-2, ವಿ-4, ಆಮೇಲೆ ಕಿವಿಯ ಮೇಲ್ಭಾಗದಿಂದ ಕೆಳಗೆ ಹರಡಿರುವ ಟೆಂಪೊರಲ್ ಹಾಲೆಯ ಕೆಳಭಾಗ. ಒಂದೊಂದು ಹಂತ ಏರಿದಂತೆ ಕೋಶ ಬೇಡುವ ಆಕಾರ ಹೆಚ್ಚು ಜಟಿಲವಾಗುತ್ತದೆ, ಅದು ಗಮನಿಸುವ ಜಾಗವೂ ಹಿಗ್ಗುತ್ತದೆ. ದಿಟ್ಟಿ ನೆಟ್ಟ ಜಾಗದಲ್ಲಿ ವಿ-1ರ ಕೋಶವೊಂದರ ಕ್ಷೇತ್ರ, ನೋಟದ ಕೋನದ ಲೆಕ್ಕದಲ್ಲಿ, ಒಂದು ಡಿಗ್ರಿಗಿಂತಲೂ ಚಿಕ್ಕದು. ಚಾಚಿದ ಕೈಯ ಹೆಬ್ಬೆರಳ ಉಗುರಿನ ಅಗಲವೇ ಸುಮಾರು ಒಂದೂವರೆ ಡಿಗ್ರಿ. ಟೆಂಪೊರಲ್ ಹಾಲೆಯ ಹಲವು ಕೋಶಗಳ ಕ್ಷೇತ್ರ ಹತ್ತಾರು ಡಿಗ್ರಿ ಅಗಲದ್ದು.

ಒಬ್ಬರು: ಕನ್ನಡ ಅಕ್ಷರವೊಂದನ್ನು ಇಟ್ಟುಕೊಂಡು ಈ ಏರಿಕೆಯನ್ನು ತೋರಿಸಬಹುದೆ?

ಇನ್ನೊಬ್ಬರು: ‘ದ’ ತೆಗೆದುಕೊಳ್ಳಬಹುದು. ರೆಟಿನಾಕ್ಕೆ ಅದು ಕಪ್ಪು ಬಿಳುಪು ಸಂಧಿಸುವ ತಾಣಗಳ ಗುಂಪು. ವಿ-1ಕ್ಕೆ ಹಲವು ಓರೆಗಳ ತುಂಡುಗೆರೆಗಳು: ತಲೆಕಟ್ಟಿನ ಭಾಗದಲ್ಲಿ ಮಲಗಿದ ಗೆರೆಗೆ ಸಲ್ಲುವ ಕೋಶಗಳು ಮಿಡಿಯುತ್ತವೆ, ಕೆಳಗಿನ ದುಂಡಿನ ಉದ್ದಕ್ಕೂ ಪ್ರತಿ ಚೂರಿಗೂ ಓರೆ ಬೇರೆಯಾದ್ದರಿಂದ ಮಿಡಿಯುವ ಕೋಶಗಳೂ ಬೇರೆ ಬೇರೆ. ಆ ಹಂತದಲ್ಲಿ ‘ದುಂಡು’ ಎಂಬ ಅರಿವು ಇನ್ನೂ ಇಲ್ಲ. ಬಾಗು ಎಂದರೆ ಓರೆ ಕ್ರಮವಾಗಿ ತಿರುಗುತ್ತ ಹೋಗುವುದು; ಅಕ್ಕಪಕ್ಕದ ಗೆರೆತುಂಡುಗಳನ್ನು ಆ ಕ್ರಮದಲ್ಲಿ ಕೂಡಿಸಬಲ್ಲ ಕೋಶ ಬೇಕು. ವಿ-4ರಲ್ಲಿ ಅಂಥವು ಸಿಗುತ್ತವೆ. ಅನಿತಾ ಪಶುಪತಿ ಮತ್ತು ಚಾರ್ಲ್ಸ್ ಕಾನರ್ 1999ರಿಂದ ಪ್ರಕಟಿಸಿದ ಪ್ರಯೋಗಗಳಲ್ಲಿ ಕೋತಿಯ ವಿ-4ರ ಕೋಶಗಳು ಆಕಾರದ ಹೊರರೇಖೆಯ ಬಾಗುಗಳಿಗೆ ಸ್ಪಂದಿಸಿದವು. ಕೆಲವಕ್ಕೆ ಹೊರಚಾಚಿದ ಮೊನೆ ಬೇಕು, ಕೆಲವಕ್ಕೆ ಒಳಬಾಗಿದ ತಗ್ಗು. ಇನ್ನೂ ಮುಖ್ಯವಾದ ಸಂಗತಿ, ಆ ಬಾಗು ಆಕೃತಿಯ ನಡುವಿಗೆ ಹೋಲಿಸಿದರೆ ಯಾವ ಬದಿಯಲ್ಲಿದೆ ಎಂಬುದೂ ಅವಕ್ಕೆ ಲೆಕ್ಕ. ‘ಮೇಲ್ಗಡೆ ಬಲಕ್ಕೆ ಚೂಪು’, ‘ಕೆಳಗಡೆ ಎಡಕ್ಕೆ ದುಂಡು’ ಎಂಬಂಥ ವರದಿ ಒಂದೊಂದು ಕೋಶದಿಂದ ಬರುತ್ತದೆ. ಅನೇಕ ಕೋಶಗಳ ಇಂಥ ವರದಿಗಳನ್ನು ಒಟ್ಟಿಗಿಟ್ಟರೆ ಹೊರರೇಖೆಯನ್ನು ಬಹುಮಟ್ಟಿಗೆ ತಿರುಗಿ ಕಟ್ಟಬಹುದು.

ಒಬ್ಬರು: ‘ದ’ ಮತ್ತು ‘ಧ’ ನಡುವೆ ಇರುವುದು ಅಡಿಯ ಒಂದು ಪುಟ್ಟ ಗೀಟು. ಅಷ್ಟು ಸಣ್ಣ ವ್ಯತ್ಯಾಸ ಈ ಏರಿಕೆಯಲ್ಲಿ ಕಳೆದುಹೋಗುವುದಿಲ್ಲವೆ?

ಇನ್ನೊಬ್ಬರು: ಓದು ಬಾರದವರಲ್ಲಿ ಸುಲಭವಾಗಿ ಕಳೆದುಹೋಗುತ್ತದೆ. ಯಾವ ವ್ಯತ್ಯಾಸವನ್ನು ಬಿಗಿಹಿಡಿಯಬೇಕು, ಯಾವುದನ್ನು ಬಿಟ್ಟುಬಿಡಬೇಕು ಎಂಬುದು ಅಭ್ಯಾಸದಿಂದ ಬರುವಂಥದು. ಅಚ್ಚಿನ ‘ದ’, ಕೈಬರಹದ ‘ದ’, ಬಸ್ಸಿನ ಹಲಗೆಯ ದಪ್ಪ ‘ದ’ ಇವುಗಳ ನಡುವಿನ ಅಂತರ ದೊಡ್ಡದು. ಓದುಗನ ಮೆದುಳು ಅದನ್ನು ಮನ್ನಿಸುತ್ತದೆ. ‘ದ’, ‘ಧ’ ನಡುವಿನ ಅಂತರ ಚಿಕ್ಕದು, ಅದನ್ನು ಮನ್ನಿಸುವುದಿಲ್ಲ. ‘ಪ’ ಮತ್ತು ‘ಷ’ದ ಕತೆಯೂ ಇದೇ.

ಒಬ್ಬರು: ಬಿಳಿ ಹಾಳೆಯ ಮೇಲೆ ಒಂಟಿಯಾಗಿ ನಿಂತ ಅಕ್ಷರದ ಕತೆ ಇದು. ನಿಜವಾದ ದೃಶ್ಯದಲ್ಲಿ ವಸ್ತುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಯಾವ ಗೆರೆ ಯಾವ ವಸ್ತುವಿನದು ಎಂದು ತೀರ್ಮಾನಿಸುವುದು ಯಾರು?

ಇನ್ನೊಬ್ಬರು: ಈ ಪ್ರಶ್ನೆಯನ್ನು ಮೊದಲು ಕ್ರಮಬದ್ಧವಾಗಿ ಎತ್ತಿಕೊಂಡವರು ಜರ್ಮನಿಯ ಗೆಸ್ಟಾಲ್ಟ್ ಮನೋವಿಜ್ಞಾನಿಗಳು. ಹತ್ತಿರ ಇರುವವು, ಒಂದೇ ಥರ ಕಾಣುವವು, ಒಂದೇ ನೇರಕ್ಕೆ ಮುಂದುವರಿಯುವವು, ಒಟ್ಟಿಗೆ ಚಲಿಸುವವು ಒಂದೇ ಗುಂಪಾಗಿ ತೋರುತ್ತವೆ ಎಂದು ಮ್ಯಾಕ್ಸ್ ವರ್ಟ್‌ಹೈಮರ್ 1923ರಲ್ಲಿ ವಿವರಿಸಿದರು. ಇಂಥ ನಿಯಮಗಳಿಗೆ ನರಕೋಶಗಳ ಮಟ್ಟದಲ್ಲೂ ಆಧಾರ ಸಿಕ್ಕಿದೆ. ವಿ-1ರಲ್ಲಿ ಒಂದೇ ಓರೆ ಮೆಚ್ಚುವ ಕೋಶಗಳ ನಡುವೆ ದೂರದೂರದ ಅಡ್ಡ ಎಳೆಗಳು ಓಡಾಡುತ್ತವೆ. ಹೀಗಾಗಿ ಒಂದೇ ಸಾಲಿನಲ್ಲಿ ಬಿದ್ದ ಗೆರೆತುಂಡುಗಳು ಒಂದಕ್ಕೊಂದು ಬಲ ಕೊಡಬಲ್ಲವು. ವಿ-2ರಲ್ಲಿ ಇನ್ನೂ ಮುಂದಿನ ಹೆಜ್ಜೆ. ಇಟಲಿಯ ಗಯೆಟಾನೊ ಕನಿಜ್ಸಾ 1955ರಲ್ಲಿ ಪ್ರಕಟಿಸಿದ ತ್ರಿಕೋನದ ಚಿತ್ರ ಪ್ರಸಿದ್ಧ: ಬಾಯಿ ತೆರೆದ ಮೂರು ಕಪ್ಪು ಬಿಲ್ಲೆಗಳ ನಡುವೆ, ಯಾರೂ ಬರೆಯದ ಬಿಳಿ ತ್ರಿಕೋನವೊಂದು ಅಂಚುಸಹಿತ ಕಾಣುತ್ತದೆ. ಇಂಥ ಇಲ್ಲದ ಅಂಚಿಗೂ ಕೋತಿಯ ವಿ-2ರ ಕೆಲವು ಕೋಶಗಳು ಇರುವ ಅಂಚಿಗೆ ಮಿಡಿದಂತೆಯೇ ಮಿಡಿಯುತ್ತವೆ ಎಂದು ರೂಡಿಗರ್ ಫಾನ್ ಡೆರ್ ಹೈಟ್ ಮತ್ತು ಸಂಗಡಿಗರು 1984ರಲ್ಲಿ ವರದಿ ಮಾಡಿದರು. ಫಾನ್ ಡೆರ್ ಹೈಟ್ ಇದ್ದ ಇನ್ನೊಂದು ತಂಡ 2000ದಲ್ಲಿ ಮತ್ತೊಂದು ಗುಣವನ್ನು ತೋರಿಸಿತು. ಅಂಚು ಅದೇ, ಬೆಳಕಿನ ವ್ಯತ್ಯಾಸವೂ ಅದೇ. ಆದರೂ ಆ ಅಂಚು ಎಡಗಡೆಯ ವಸ್ತುವಿನದೋ ಬಲಗಡೆಯದೋ ಎಂಬುದನ್ನು ಅನುಸರಿಸಿ ವಿ-2ರ ಹಲವು ಕೋಶಗಳ ಮಿಡಿತ ಬದಲಾಗುತ್ತದೆ.

ಒಬ್ಬರು: ಅಂದರೆ ಕೋಶವೊಂದು ತನ್ನ ಕ್ಷೇತ್ರದ ಹೊರಗಿನ ಸಂಗತಿಯನ್ನೂ ಲೆಕ್ಕಕ್ಕೆ ತಂದುಕೊಳ್ಳುತ್ತದೆ.

ಇನ್ನೊಬ್ಬರು: ಹೌದು. ನೆರೆಯ ಕೋಶಗಳಿಂದಲೂ ಮೇಲಿನ ಹಂತಗಳಿಂದಲೂ ಅದಕ್ಕೆ ಸುದ್ದಿ ಬರುತ್ತಲೇ ಇರುತ್ತದೆ. ಈ ಹಾದಿ ಕೆಳಗಿನಿಂದ ಮೇಲಕ್ಕೆ ಮಾತ್ರ ಸಾಗುವ ಏಕಮುಖ ರಸ್ತೆಯಾಗಿ ಎಂದೂ ಇರಲಿಲ್ಲ. ಥಲಾಮಸ್‌ನ ದೃಷ್ಟಿಕೋಶಕ್ಕೆ ಬಂದು ಸೇರುವ ಸಂಪರ್ಕಗಳಲ್ಲಿ ರೆಟಿನಾದಿಂದ ಬಂದವು ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಉಳಿದವುಗಳಲ್ಲಿ ದೊಡ್ಡ ಪಾಲು ಕಾರ್ಟೆಕ್ಸ್‌ನಿಂದ ಹಿಂದಕ್ಕೆ ಬಂದದ್ದು.

ಒಬ್ಬರು: ಟೆಂಪೊರಲ್ ಹಾಲೆಯಲ್ಲಿ ಸಿಗುವ ಆಕಾರಗಳು ಎಂಥವು?

ಇನ್ನೊಬ್ಬರು: ಅಲ್ಲಿಯ ಮೊದಲ ಅಚ್ಚರಿ ಚಾರ್ಲ್ಸ್ ಗ್ರಾಸ್ ಅವರ ತಂಡದ್ದು. ಕೋತಿಯ ಒಂದು ಕೋಶ ಗೆರೆ, ಚೌಕ, ವೃತ್ತ ಯಾವುದಕ್ಕೂ ಜಗ್ಗದೆ ಇದ್ದಾಗ ಪ್ರಯೋಗಕಾರರು ಪರದೆಯ ಮುಂದೆ ಕೈಯಾಡಿಸಿದರು. ಕೋಶ ಬಿರುಸಾಗಿ ಮಿಡಿಯಿತು. ಕಾಗದದಲ್ಲಿ ಬೇರೆ ಬೇರೆ ಆಕಾರ ಕತ್ತರಿಸಿ ತೋರಿಸಿದಾಗ, ಆಕಾರ ಕೋತಿಯ ಕೈಯನ್ನು ಹೋಲುತ್ತ ಹೋದಷ್ಟೂ ಮಿಡಿತ ಹೆಚ್ಚಿತು. 1972ರಲ್ಲಿ ವಿವರವಾಗಿ ಪ್ರಕಟವಾದ ಈ ಸಂಗತಿಯನ್ನು ಹಲವರು ಬಹುಕಾಲ ನಂಬಲಿಲ್ಲ. ಜಪಾನಿನ ಕೇಜಿ ತನಾಕಾ 1990ರ ಆಸುಪಾಸಿನಲ್ಲಿ ಇನ್ನೊಂದು ದಾರಿ ಹಿಡಿದರು. ಕೋಶವನ್ನು ಮಿಡಿಸುವ ವಸ್ತುವಿನ ಚಿತ್ರದಿಂದ ಒಂದೊಂದೇ ವಿವರ ಕಳಚುತ್ತ ಹೋಗಿ, ಮಿಡಿತ ಕುಗ್ಗದಂತೆ ಉಳಿಯುವ ಕನಿಷ್ಠ ಆಕಾರವನ್ನು ಹುಡುಕಿದರು. ಬಹುಪಾಲು ಕೋಶಗಳಿಗೆ ಪೂರ್ತಿ ವಸ್ತು ಬೇಕಿರಲಿಲ್ಲ. ನಡುಮಟ್ಟದ ಜಟಿಲತೆಯ ಒಂದು ಆಕಾರ ಸಾಕಾಗಿತ್ತು. ವಿ-1ರಲ್ಲಿ ಒಂದೇ ಓರೆಯ ಕೋಶಗಳು ಲಂಬವಾಗಿ ಒಟ್ಟಿಗಿದ್ದಂತೆ, ಇಲ್ಲಿ ಒಂದನ್ನೊಂದು ಹೋಲುವ ಆಕಾರಗಳನ್ನು ಮೆಚ್ಚುವ ಕೋಶಗಳು ಲಂಬವಾದ ಕಂಬಗಳಾಗಿ ಗುಂಪುಗೂಡಿದ್ದವು.

ಒಬ್ಬರು: ಮುಖಕ್ಕೆ ಮಾತ್ರ ಪ್ರತ್ಯೇಕ ಜಾಗ ಇದೆ ಎಂಬ ಮಾತಿದೆ.

ಇನ್ನೊಬ್ಬರು: ಮನುಷ್ಯರಲ್ಲಿ ಆ ಜಾಗವನ್ನು ನ್ಯಾನ್ಸಿ ಕಾನ್‌ವಿಷರ್ ಮತ್ತು ಸಂಗಡಿಗರು 1997ರಲ್ಲಿ ಎಂಆರ್‌ಐ ಯಂತ್ರದಿಂದ ಗುರುತಿಸಿದರು. ಕೋತಿಯಲ್ಲಿ ಇಂಥ ತಾಣಗಳು ಹಲವು. ಅವುಗಳಲ್ಲೊಂದಕ್ಕೆ ಎಲೆಕ್ಟ್ರೋಡ್ ಇಳಿಸಿದ ಡೋರಿಸ್ ತ್ಸಾವ್, ವಿನ್ರಿಚ್ ಫ್ರೈವಾಲ್ಡ್ ತಂಡಕ್ಕೆ 2006ರಲ್ಲಿ ಸಿಕ್ಕ ಕೋಶಗಳಲ್ಲಿ 97% ಮುಖಗಳಿಗೇ ಒಲಿದವಾಗಿದ್ದವು. ಮನುಷ್ಯರಲ್ಲಿ ಆ ಜಾಗಕ್ಕೆ ಪೆಟ್ಟಾದರೆ ಏನಾಗುತ್ತದೆ ಎಂಬುದು ವೈದ್ಯರಿಗೆ ಮೊದಲೇ ಗೊತ್ತಿತ್ತು. ಕಣ್ಣು, ಮೂಗು, ಬಾಯಿ ಎಲ್ಲವೂ ಬಿಡಿಬಿಡಿಯಾಗಿ ಚೆನ್ನಾಗಿ ಕಾಣುತ್ತವೆ. ಆದರೆ ಎದುರಿಗಿರುವುದು ಹೆಂಡತಿಯೋ ಮಗನೋ ಎಂದು ಮುಖ ನೋಡಿ ಹೇಳಲಾಗುವುದಿಲ್ಲ. ದನಿ ಕೇಳಿದ ಕೂಡಲೆ ತಿಳಿಯುತ್ತದೆ. ಮುಖ ಗುರುತಿಸಲಾಗದ ಈ ಕುರುಡುತನಕ್ಕೆ ಜರ್ಮನ್ ವೈದ್ಯ ಜೋಆಕಿಮ್ ಬೋಡಮರ್ 1947ರಲ್ಲಿ ಹೆಸರಿಟ್ಟರು. ಬಿಡಿ ಲಕ್ಷಣಗಳನ್ನು ಕಾಣುವುದು ಬೇರೆ, ಅವುಗಳನ್ನು ಒಂದು ಗುರುತಾಗಿ ಕೂಡಿಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ.

ಒಬ್ಬರು: ಹೀಗೆ ಏರುತ್ತ ಹೋದರೆ ಕೊನೆಗೆ ಅಜ್ಜಿಗೊಂದು ಕೋಶ, ಅತ್ತೆಗೊಂದು ಕೋಶ ಎಂಬ ಹಂತಕ್ಕೆ ಬರಬೇಕಾಗುತ್ತದೆ. ಆ ಒಂದು ಕೋಶ ಸತ್ತರೆ ಅಜ್ಜಿಯ ಗುರುತೇ ಅಳಿಸಿಹೋಗಬೇಕಲ್ಲ?

ಇನ್ನೊಬ್ಬರು: ಆ ಆಕ್ಷೇಪ ಸರಿ. ಒಂದು ಗುರುತಿಗೆ ಒಂದೇ ಕೋಶ ಎಂಬ ಏರ್ಪಾಡು ಮೆದುಳಿನಲ್ಲಿಲ್ಲ. 2017ರಲ್ಲಿ ಲೆ ಚಾಂಗ್ ಮತ್ತು ತ್ಸಾವ್ ಪ್ರಕಟಿಸಿದ ಕೆಲಸ ಇದನ್ನು ತಿಳಿಯಾಗಿಸಿತು. ಅವರು ಮುಖಗಳನ್ನು 50 ಅಳತೆಗಳಲ್ಲಿ ವಿವರಿಸಿದರು: ಕೂದಲಂಚಿನ ಆಕಾರ, ಮುಖದ ಅಗಲ, ಚರ್ಮದ ಛಾಯೆ ಇಂಥವು ಕೂಡಿ ಆದ ಅಳತೆಗಳು. ಒಂದೊಂದು ಕೋಶದ ಮಿಡಿತ ಈ ಅಳತೆಗಳ ಒಂದು ನಿರ್ದಿಷ್ಟ ಕೂಟದಲ್ಲಿ ಮುಖ ಎಷ್ಟು ಮೇಲೆ, ಎಷ್ಟು ಕೆಳಗೆ ನಿಲ್ಲುತ್ತದೆ ಎಂಬುದನ್ನು ಹೇಳುತ್ತಿತ್ತು. ಉಳಿದ ಅಳತೆಗಳು ಏನೇ ಆದರೂ ಆ ಕೋಶಕ್ಕೆ ಲೆಕ್ಕವಿಲ್ಲ. ಸುಮಾರು 200 ಕೋಶಗಳ ಮಿಡಿತ ಓದಿ, ಕೋತಿ ನೋಡುತ್ತಿದ್ದ ಮುಖವನ್ನು ಕಂಪ್ಯೂಟರಿನಲ್ಲಿ ಮೂಲಕ್ಕೆ ಬಹಳ ಹತ್ತಿರವಾಗಿ ಬಿಡಿಸಲು ಅವರಿಗೆ ಸಾಧ್ಯವಾಯಿತು. ಗುರುತು ಇರುವುದು ಕೋಶಗಳ ಸಮೂಹದಲ್ಲಿ. ಹೊಸ ಮುಖ ಎದುರಾದಾಗ ಹೊಸ ಕೋಶ ಬೇಕಿಲ್ಲ, ಇರುವ ಕೋಶಗಳ ಮಿಡಿತದ ಹೊಸ ಹೊಂದಿಕೆ ಸಾಕು.

ಒಬ್ಬರು: ಆಕಾರ ಒಂದು ಕಡೆ, ಬಣ್ಣ ಇನ್ನೊಂದು ಕಡೆ, ಚಲನೆ ಮತ್ತೊಂದು ಕಡೆ ಎಂದು ಮೆದುಳು ಕೆಲಸ ಹಂಚಿಕೊಂಡಿದೆ. ಕೆಂಪು ಚೆಂಡು, ಹಸಿರು ಪೆಟ್ಟಿಗೆ ಒಟ್ಟಿಗಿದ್ದರೆ ಕೆಂಪು ಚೆಂಡಿನದೇ ಎಂದು ತಿಳಿಯುವುದು ಹೇಗೆ?

ಇನ್ನೊಬ್ಬರು: ಆ್ಯನ್ ಟ್ರೀಸ್‌ಮನ್ ಮತ್ತು ಗ್ಯಾರಿ ಗೆಲೇಡ್ 1980ರಲ್ಲಿ ಕೊಟ್ಟ ಉತ್ತರದಲ್ಲಿ ಗಮನಕ್ಕೆ ಮುಖ್ಯ ಪಾತ್ರ. ಹಸಿರು ಅಕ್ಷರಗಳ ನಡುವೆ ಇರುವ ಒಂದೇ ಒಂದು ಕೆಂಪು ಅಕ್ಷರ ತಟ್ಟನೆ ಕಣ್ಣಿಗೆ ಬೀಳುತ್ತದೆ, ಹಸಿರು ಅಕ್ಷರಗಳು ಹತ್ತಿರಲಿ ಐವತ್ತಿರಲಿ. ಆದರೆ ಹುಡುಕಬೇಕಾದುದು ಬಣ್ಣ ಮತ್ತು ಆಕಾರ ಎರಡೂ ಕೂಡಿದ ಗುರುತಾದರೆ ಒಂದೊಂದರ ಮೇಲೂ ಗಮನ ಹರಿಸಬೇಕಾಗುತ್ತದೆ; ಸಂಖ್ಯೆ ಹೆಚ್ಚಿದಂತೆ ಹೊತ್ತೂ ಹೆಚ್ಚುತ್ತದೆ. ಗಮನ ಹರಿಸಲು ಬಿಡುವು ಕೊಡದೆ ಬಣ್ಣದ ಅಕ್ಷರಗಳನ್ನು ಕ್ಷಣಮಾತ್ರ ತೋರಿಸಿ ಮರೆಮಾಡಿದರೆ ಜನ ಒಂದರ ಬಣ್ಣವನ್ನು ಇನ್ನೊಂದರ ಆಕಾರಕ್ಕೆ ಅಂಟಿಸಿ, ಇಲ್ಲದ ಅಕ್ಷರವನ್ನು ಕಂಡೆವೆಂದು ಹೇಳುತ್ತಾರೆ. ಮೆದುಳಿನ ಮೇಲ್ಬದಿಯ ಪರೈಟಲ್ ಹಾಲೆಗಳಿಗೆ ಎರಡೂ ಕಡೆ ಪೆಟ್ಟಾದ ರೋಗಿಯೊಬ್ಬರಲ್ಲಿ ಇಂಥ ತಪ್ಪು, ಹಲವು ಸೆಕೆಂಡು ನೋಡಲು ಬಿಟ್ಟಾಗಲೂ ಆಗುತ್ತಿತ್ತು. ಬಣ್ಣ ಆಕಾರಗಳನ್ನು ಒಂದು ಜಾಗಕ್ಕೆ ಕಟ್ಟಿಹಾಕಲು ಆ ಹಾಲೆಗಳ ನೆರವು ಬೇಕು ಎಂಬುದಕ್ಕೆ ಇದು ಬಲವಾದ ಸುಳಿವು.

ಒಬ್ಬರು: ಇಷ್ಟೆಲ್ಲ ಹಂತಗಳಿಗೆ ಎಷ್ಟು ಹೊತ್ತು ಹಿಡಿಯುತ್ತದೆ?

ಇನ್ನೊಬ್ಬರು: ಸೈಮನ್ ಥಾರ್ಪ್ ಮತ್ತು ಸಂಗಡಿಗರು 1996ರಲ್ಲಿ ಇದನ್ನು ಅಳೆದರು. ಹಿಂದೆಂದೂ ನೋಡಿರದ ಛಾಯಾಚಿತ್ರವನ್ನು 20 ಮಿಲಿಸೆಕೆಂಡು ಮಾತ್ರ ತೋರಿಸಿ, ಅದರಲ್ಲಿ ಪ್ರಾಣಿ ಇದೆಯೇ ಎಂದು ಕೇಳಲಾಯಿತು. ಪ್ರಾಣಿ ಇದ್ದ ಚಿತ್ರಕ್ಕೂ ಇಲ್ಲದ ಚಿತ್ರಕ್ಕೂ ಮೆದುಳಿನ ವಿದ್ಯುತ್ ಅಲೆಗಳು ಸುಮಾರು 150 ಮಿಲಿಸೆಕೆಂಡಿನೊಳಗೆ ಬೇರೆಯಾಗಿದ್ದವು. ಈ ಹೊತ್ತು ದಾರಿಯುದ್ದಕ್ಕೂ ಇರುವ ಅನೇಕ ಹಂತಗಳಿಗೆ ಹಂಚಿಹೋಗುವುದರಿಂದ ಒಂದೊಂದು ಹಂತಕ್ಕೆ ಸಿಗುವುದು 10 ಮಿಲಿಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಒಂದು ಕೋಶ ಒಂದೋ ಎರಡೋ ಸಲ ಮಿಡಿಯಬಹುದು. ಸ್ಥೂಲ ಗುರುತು ಒಂದೇ ಓಟದಲ್ಲಿ ಮೇಲೇರಿ ಸಿದ್ಧವಾಗುತ್ತದೆ. ಮರೆಯಾದ ಭಾಗ, ಮಸುಕು ಆಕಾರ, ಗೋಜಲು ಹಿನ್ನೆಲೆ ಇವನ್ನು ಬಿಡಿಸಲು ಮೇಲಿನಿಂದ ಹಿಂದಿರುಗುವ ಸುದ್ದಿಯ ನೆರವು ಆಮೇಲೆ ಸೇರಿಕೊಳ್ಳುತ್ತದೆ.

ಒಬ್ಬರು: ಕಂಪ್ಯೂಟರುಗಳು ಮುಖ ಗುರುತಿಸುವುದೂ ಇದೇ ಬಗೆಯಲ್ಲೇ?

ಇನ್ನೊಬ್ಬರು: ಅವುಗಳ ಬೇರು ಇಲ್ಲಿದೆ. ಜಪಾನಿನ ಕುನಿಹಿಕೊ ಫುಕುಶಿಮಾ 1980ರಲ್ಲಿ ಪ್ರಕಟಿಸಿದ ನಿಯೋಕಾಗ್ನಿಟ್ರಾನ್ ಎಂಬ ಜಾಲದಲ್ಲಿ ಸರಳ ಕೋಶದ ಪದರ, ಸಂಕೀರ್ಣ ಕೋಶದ ಪದರ ಇವು ಒಂದಾದ ಮೇಲೊಂದು ಬರುತ್ತಿದ್ದವು. ಕೈಬರಹದ ಅಂಕೆಗಳನ್ನು ಅದು ಗುರುತಿಸುತ್ತಿತ್ತು. ಇಂದಿನ ಫೋನುಗಳಲ್ಲಿ ಚಿತ್ರ ಗುರುತಿಸುವ ಜಾಲಗಳಲ್ಲಿ ಹಲವು ಆ ವಂಶದವು. ಲಕ್ಷಾಂತರ ಚಿತ್ರ ತೋರಿಸಿ ಅವನ್ನು ಪಳಗಿಸಿದರೆ, ಯಾರೂ ಹೇಳಿಕೊಡದಿದ್ದರೂ ಮೊದಲ ಪದರದಲ್ಲಿ ಓರೆ ಗೆರೆ ಹಿಡಿಯುವ ಘಟಕಗಳು ತಾವಾಗಿ ಮೂಡುತ್ತವೆ. ನಿಸರ್ಗದ ದೃಶ್ಯಗಳನ್ನು ಮಿತವ್ಯಯದಲ್ಲಿ ಹೇಳಲು ಗೆರೆತುಂಡೇ ಒಳ್ಳೆಯ ಮೂಲಮಾನ ಎಂದು ಬ್ರೂನೊ ಓಲ್ಸ್‌ಹೌಸೆನ್ ಮತ್ತು ಡೇವಿಡ್ ಫೀಲ್ಡ್ 1996ರಲ್ಲೇ ಗಣಿತದಿಂದ ತೋರಿಸಿದ್ದರು.

ಒಬ್ಬರು: ಹಾಗಾದರೆ ಮಗುವಿನ ಮೆದುಳಿನಲ್ಲಿ ಈ ಕೂಡಿಕೆಗಳು ಹುಟ್ಟಿನಿಂದಲೇ ಇರುತ್ತವೆಯೋ, ನೋಡಿ ನೋಡಿ ಬರುತ್ತವೆಯೋ?

ಇನ್ನೊಬ್ಬರು: ಎರಡೂ ಸ್ವಲ್ಪ ಸ್ವಲ್ಪ. ಕಣ್ಣು ಬಿಡದ ಮರಿಗಳಲ್ಲೂ ಓರೆ ಹಿಡಿಯುವ ಕೋಶಗಳನ್ನು ಹ್ಯೂಬೆಲ್ ಮತ್ತು ವೀಸೆಲ್ ಕಂಡಿದ್ದರು. ಆದರೆ ಬೆಕ್ಕಿನ ಮರಿಯ ಒಂದು ಕಣ್ಣನ್ನು ಮೊದಲ ತಿಂಗಳುಗಳಲ್ಲಿ ಮುಚ್ಚಿಟ್ಟರೆ ವಿ-1ರ ಬಹುಪಾಲು ಕೋಶಗಳು ಆ ಕಣ್ಣಿಗೆ ಕಿವಿಗೊಡುವುದನ್ನೇ ಬಿಡುತ್ತವೆ. ಬೆಳೆದ ಬೆಕ್ಕಿನಲ್ಲಿ ಹೀಗಾಗುವುದಿಲ್ಲ. ಮಾಲುಗಣ್ಣು, ಹುಟ್ಟುಪೊರೆ ಇರುವ ಮಕ್ಕಳಿಗೆ ಚಿಕಿತ್ಸೆ ಬೇಗ ಆಗಬೇಕೆಂದು ವೈದ್ಯರು ಒತ್ತಿ ಹೇಳಲು ಇದು ಕಾರಣ. ಮೇಲಿನ ಹಂತಗಳು ಮಾತ್ರ ಬಹುಕಾಲ ಕಲಿಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಪಿ. ಅರುಣ್ ಅವರ ತಂಡ ತೆಲುಗು ಓದುವವರನ್ನೂ ಮಲಯಾಳಂ ಓದುವವರನ್ನೂ ಹೋಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ಓದಲು ಬರುವ ಲಿಪಿಯ ಬಿಡಿ ಅಕ್ಷರಗಳು ಓದುಗನಿಗೆ ಹೆಚ್ಚು ಬೇರೆಬೇರೆಯಾಗಿ ಕಾಣುತ್ತವೆ. ಅಕ್ಷರಗಳು ಪಕ್ಕಪಕ್ಕ ಬಂದಾಗ ಒಂದು ಇನ್ನೊಂದನ್ನು ಕಲಕುವುದೂ ಕಡಿಮೆಯಾಗುತ್ತದೆ. ಎರಡು ಅಕ್ಷರಗಳ ಜೋಡಿಗೆ ಮೆದುಳು ಕೊಡುವ ಉತ್ತರವನ್ನು, ಓದುಗರಲ್ಲಿ, ಬಿಡಿ ಅಕ್ಷರಗಳ ಉತ್ತರಗಳಿಂದಲೇ ಹೆಚ್ಚು ಸರಿಯಾಗಿ ಊಹಿಸಬಹುದು. ಪದಪದಕ್ಕೂ ಹೊಸ ಅಚ್ಚು ಬೇಕಾಗದಂತೆ ಬಿಡಿಗಳನ್ನು ಅಚ್ಚುಕಟ್ಟಾಗಿ ಕೂಡಿಸುವುದನ್ನು ಓದು ಮೆದುಳಿಗೆ ಕಲಿಸುತ್ತದೆ.

ಒಬ್ಬರು: ಬಹಳ ತಡವಾಗಿ ದೃಷ್ಟಿ ಬಂದವರು ಏನು ಕಾಣುತ್ತಾರೆ?

ಇನ್ನೊಬ್ಬರು: ಅಮೆರಿಕದ ಎಂಐಟಿಯ ಪವನ್ ಸಿನ್ಹಾ ಭಾರತದಲ್ಲಿ ಆರಂಭಿಸಿದ ‘ಪ್ರಾಜೆಕ್ಟ್ ಪ್ರಕಾಶ್’ ಹುಟ್ಟಿನಿಂದ ಅಥವಾ ಎಳವೆಯಿಂದ ಕಾಣದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತದೆ, ಅವರ ನೋಟ ಬೆಳೆಯುವ ಬಗೆಯನ್ನೂ ಅಭ್ಯಸಿಸುತ್ತದೆ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಸದಾಗಿ ದೃಷ್ಟಿ ಪಡೆದವರಿಗೆ ಒಂದರ ಮೇಲೊಂದು ಬಿದ್ದ ಚೌಕ ಮತ್ತು ವೃತ್ತವನ್ನು ತೋರಿಸಲಾಯಿತು. ಅಂಚು, ಬಣ್ಣ, ಹೊಳಪು ಎಲ್ಲವೂ ಅವರಿಗೆ ಕಾಣುತ್ತಿದ್ದವು. ಆದರೆ ಎರಡು ವಸ್ತುಗಳಿದ್ದಲ್ಲಿ ಅವರು ಮೂರು ಎಣಿಸಿದರು: ಗೆರೆಗಳು ಸುತ್ತುವರಿದ ಪ್ರತಿ ಚೂರೂ ಅವರಿಗೆ ಒಂದು ವಸ್ತು. ಒಂದು ಆಕೃತಿಯನ್ನು ಅಲುಗಾಡಿಸಿದ ಕೂಡಲೆ ಎರಡೂ ಬಿಡಿಬಿಡಿಯಾಗಿ ತಿಳಿದವು, ಏಕೆಂದರೆ ಒಟ್ಟಿಗೆ ಚಲಿಸುವ ಗೆರೆಗಳು ಒಂದೇ ವಸ್ತುವಿನವು. ತಿಂಗಳುಗಳು ಕಳೆದಂತೆ ನಿಂತ ಚಿತ್ರಗಳಲ್ಲೂ ಅವರು ವಸ್ತುಗಳನ್ನು ಬೇರ್ಪಡಿಸತೊಡಗಿದರು. ಬೆಕ್ಕಿನ ಪ್ರಯೋಗಗಳಿಂದ ಹುಟ್ಟಿದ ಎಚ್ಚರಿಕೆಯನ್ನು ಇದು ಅಲ್ಲಗಳೆಯುವುದಿಲ್ಲ. ತಡವಾದಷ್ಟೂ ನೋಟದ ಹರಿತ ಕಡಿಮೆಯೇ. ಆದರೆ ಗೆರೆಗಳನ್ನು ವಸ್ತುಗಳಾಗಿ ಕೂಡಿಸುವ ಶಕ್ತಿ ಹದಿಹರೆಯದಲ್ಲೂ, ಅದರಾಚೆಗೂ ಬೆಳೆಯಬಲ್ಲದು. ಎಂಟು ಹತ್ತು ವರ್ಷ ದಾಟಿದ ಮಗುವಿಗೆ ಇನ್ನು ಚಿಕಿತ್ಸೆ ವ್ಯರ್ಥ ಎಂದು ಕೈಬಿಡಲು ಈ ವಿಜ್ಞಾನದಲ್ಲಿ ಆಧಾರವಿಲ್ಲ.